ಆಕ್ಟೋಪಸ್‌ಗೆ ನಿನ್ನೆಯ ನೆನಪು ಇರುತ್ತದೆಯೇ?

ಪ್ರಶ್ನೆ: ಸರ್, ನಾನು ಮಲ್ಪೆಯವನು. ರಜೆಯಲ್ಲಿ ಚಿಕ್ಕಪ್ಪನ ಟ್ರಾಲ್ ಬೋಟಿನಲ್ಲಿ ಹೋಗುವುದುಂಟು. ಕಳೆದ ಸಲ ಬಲೆ ಸುರಿದಾಗ ಬೊಂಡಾಸ್ (ಸ್ಕ್ವಿಡ್), ಕಟಲ್‌ಫಿಶ್ ಎನ್ನುವ ಕಪ್ಪೆ ಬೊಂಡಾಸ್‌ಗಳ ನಡುವೆ ಒಂದು ಆಕ್ಟೋಪಸ್ ಸಿಕ್ಕಿತು. ಬುಟ್ಟಿಗೆ ಹಾಕಿದೆವು. ನೋಡನೋಡುತ್ತಿದ್ದಂತೆ ಅದು ಬುಟ್ಟಿಯಿಂದ ಇಳಿದು, ಡೆಕ್ಕಿನ ಮೇಲೆ ತೆವಳಿ, ನೀರು ಹರಿದುಹೋಗುವ ಕಿಂಡಿಯಲ್ಲಿ ನುಸುಳಿ ಕಡಲು ಸೇರಿತು. ‘ಅದಕ್ಕೆ ಒಂಬತ್ತು ಮೆದುಳು, ದಾರಿ ಗೊತ್ತಿತ್ತು’ ಎಂದರು ಬೋಟು ನಡೆಸುವ ತಂಡೇಲರು. ಇದು ನಿಜವೇ? ಒಂದೆರಡು ವರ್ಷ ಬದುಕುವ ಪ್ರಾಣಿಗೆ ಅಷ್ಟೊಂದು ಬುದ್ಧಿ ಯಾಕೆ? ನಿನ್ನೆ, ನಾಳೆ ಎಂಬುದೆಲ್ಲ ಅದಕ್ಕೆ ಗೊತ್ತಾಗುತ್ತದೆಯೇ? ಮನೆಯಲ್ಲಿ ತೊಟ್ಟಿ ಇಟ್ಟು ಸಾಕಿ, ಏನಾದರೂ ಕಲಿಸಬಹುದೇ?

ಉತ್ತರ: ಕಿಂಡಿಯಿಂದಲೇ ಶುರು ಮಾಡೋಣ.

ಆಕ್ಟೋಪಸ್‌ನ ಮೈಯಲ್ಲಿ ನಿಜಕ್ಕೂ ಗಟ್ಟಿಯಾದದ್ದು ಎಂದರೆ ಗಿಳಿಯ ಕೊಕ್ಕನ್ನು ಹೋಲುವ ಬಾಯಿ ಒಂದೇ. ಕೊಕ್ಕು ತೂರುವ ಸಂದಿಯಲ್ಲಿ ಉಳಿದ ಮೈಯೂ ಹೆಚ್ಚುಕಡಿಮೆ ತೂರುತ್ತದೆ. ಇನ್ನು ನಿಮ್ಮ ಬೋಟಿನ ಡೆಕ್ಕನ್ನು ನೆನಪಿಸಿಕೊಳ್ಳಿ. ನೀರು ನಿಲ್ಲಬಾರದೆಂದು ಅದನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ತೊಳೆದ ನೀರೆಲ್ಲ ಕಿಂಡಿಯ ಕಡೆಗೇ ಹರಿಯುತ್ತದೆ. ಆಕ್ಟೋಪಸ್‌ನ ಹೀರುಬಟ್ಟಲುಗಳು ಮುಟ್ಟಿದ್ದನ್ನು ರುಚಿಯನ್ನೂ ನೋಡುತ್ತವೆ. ಉಪ್ಪುನೀರಿನ ಹಸಿ ಜಾಡು ಹಿಡಿದು, ಇಳಿಜಾರಿನಲ್ಲಿ ಜಾರಿ, ಬಿಸಿಲಿನಿಂದ ಕತ್ತಲಿಗೆ ಸರಿದರೆ ಸಾಕು, ಕಡಲು ತಾನಾಗಿ ಸಿಗುತ್ತದೆ. ದಾರಿ ‘ಗೊತ್ತಿರಬೇಕು’ ಎಂದೇನೂ ಇಲ್ಲ. ಆಕ್ಟೋಪಸ್ ಪರಾರಿಯಾದ ಕತೆಗಳ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ನಗರದ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್ ತೊಟ್ಟಿಯಿಂದ ಹೊರಬಂದು, ನೆಲದ ಮೇಲೆ ಸಾಗಿ, ಸುಮಾರು 50 ಮೀಟರ್ ಉದ್ದದ ಕೊಳವೆಯ ಮೂಲಕ ಕಡಲಿಗೆ ಹೋದ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಜೈಲು ಒಡೆದ ಕೈದಿಯ ಕತೆಯಂತೆ ಅದನ್ನು ಹೇಳಿದರು. ಇಂಥ ಕತೆಗಳು ಪ್ರಾಣಿಯ ಮೈ ಎಂಥದ್ದೆಂದು ಹೇಳುತ್ತವೆ, ಮನಸ್ಸಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮನಸ್ಸನ್ನು ಅಳೆಯಬೇಕಾದರೆ ‘ಸುಮ್ಮನೆ ಇಳಿಜಾರಿನಲ್ಲಿ ಹೋಯಿತು’ ಎಂಬಂಥ ಸುಲಭದ ವಿವರಣೆಗೆ ಮೊದಲು ಬಾಗಿಲು ಮುಚ್ಚಬೇಕು. ಅಂಥ ಪ್ರಯೋಗಗಳು ಇವೆ. ಅವು ಇಂಕಿಯ ಕತೆಗಿಂತ ಎಷ್ಟೋ ಪಾಲು ಬೆರಗಿನವು.

ಅದಕ್ಕೂ ಮೊದಲು ಒಂಬತ್ತು ಮೆದುಳಿನ ಮಾತು. ತಂಡೇಲರು ಅರ್ಧ ಸರಿ. ಸಾಮಾನ್ಯ ಆಕ್ಟೋಪಸ್ ಒಂದಕ್ಕೆ ಸುಮಾರು 50 ಕೋಟಿ ನರಕೋಶಗಳಿವೆ. ಅದರಲ್ಲಿ ಮೂರನೇ ಎರಡು ಪಾಲು ಇರುವುದು ತಲೆಯಲ್ಲಲ್ಲ, ಎಂಟು ತೋಳುಗಳಲ್ಲಿ. ತಲೆಯಲ್ಲಿರುವ ಪಾಲಿನಲ್ಲೂ ಹೆಚ್ಚಿನವು ಕಣ್ಣಿನ ಹಿಂದಿನ ಎರಡು ದೃಷ್ಟಿ ಹಾಲೆಗಳಿಗೆ (ನೋಟವನ್ನು ನೋಡಿಕೊಳ್ಳುವ ಭಾಗಗಳಿಗೆ) ಹೋಗಿ, ನಡುವಿನ ಮೆದುಳಿಗೆ ಉಳಿಯುವುದು ನಾಲ್ಕೂವರೆ ಕೋಟಿಯ ಆಸುಪಾಸು. ಜೆರುಸಲೇಮಿನ ಬಿನ್ಯಾಮಿನ್ ಹೋಖ್ನರ್ ಅವರ ತಂಡ 2001ರಲ್ಲಿ ಒಂದು ವಿಚಿತ್ರವನ್ನು ತೋರಿಸಿತು. ಮೆದುಳಿನ ಸಂಪರ್ಕ ಕಡಿದ ತೋಳಿನ ನರಕ್ಕೆ ಸ್ವಲ್ಪ ವಿದ್ಯುತ್ ಕೊಟ್ಟರೆ, ಜೀವಂತ ಪ್ರಾಣಿ ಚಾಚುವ ರೀತಿಯಲ್ಲೇ ಅದು ಚಾಚಿಕೊಳ್ಳುತ್ತದೆ. ಚಾಚುವ ಬಗೆಯ ಪೂರ್ತಿ ವಿವರ ತೋಳಿನೊಳಗೇ ಇದೆ ಎಂದಾಯಿತು. ಇನ್ನೂ ಒಂದು: ಕಡಿದ ತೋಳು ಸುಮಾರು ಒಂದು ಗಂಟೆಯ ಕಾಲ ಸಿಕ್ಕಿದ್ದನ್ನೆಲ್ಲ ಬಿಗಿಯಾಗಿ ಹಿಡಿಯುತ್ತದೆ, ಆದರೆ ಆಕ್ಟೋಪಸ್‌ನ ಚರ್ಮವನ್ನು ಮಾತ್ರ ಹಿಡಿಯುವುದಿಲ್ಲ. ಚರ್ಮ ಸುಲಿದ ತೋಳನ್ನು ಕೊಟ್ಟರೆ ಹಿಡಿಯುತ್ತದೆ. ತನ್ನ ತೋಳಿಗೆ ತಾನೇ ಸಿಕ್ಕಿಹಾಕಿಕೊಳ್ಳದಂತೆ ಚರ್ಮದಲ್ಲಿ ಯಾವುದೋ ರಾಸಾಯನಿಕ ಸೂಚನೆ ಇರಬೇಕು.

ಹಾಗೆಂದು ತೋಳಿಗೊಂದು ಸ್ವತಂತ್ರ ಮೆದುಳು ಎಂದುಬಿಡುವುದು ಅತಿಯಾಯಿತು. 2011ರ ಒಂದು ಪ್ರಯೋಗದಲ್ಲಿ ಪಾರದರ್ಶಕ ಪೆಟ್ಟಿಗೆಯೊಂದನ್ನು ಇಟ್ಟರು. ತೋಳು ನೀರಿನಿಂದ ಮೇಲೆದ್ದು, ಒಂದು ಕೊಳವೆಯೊಳಗಿಂದ ಹಾದು, ಮೂರು ಕೋಣೆಗಳಲ್ಲಿ ಒಂದನ್ನು ಆರಿಸಬೇಕಿತ್ತು. ಆಹಾರದ ವಾಸನೆ ತೋಳಿಗೆ ಸಿಗುವಂತಿರಲಿಲ್ಲ. ಯಾವ ಕೋಣೆ ಎಂಬುದು ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಆಕ್ಟೋಪಸ್‌ಗಳು ಕಣ್ಣಿನಿಂದ ನೋಡಿ ತೋಳನ್ನು ಸರಿಯಾದ ಕೋಣೆಗೆ ಕಳುಹಿಸಲು ಕಲಿತವು. ನಮ್ಮ ಕಡೆಯವರಿಗೆ ಹೇಳುವುದಾದರೆ ಯಕ್ಷಗಾನದ ಭಾಗವತರು ಮತ್ತು ವೇಷಧಾರಿಯ ಸಂಬಂಧ ಇದು. ಯಾವ ಪದ್ಯ, ಯಾವಾಗ ಮುಗಿಸಬೇಕು ಎಂಬುದು ಭಾಗವತರ ಕೈಯಲ್ಲಿ. ಹೆಜ್ಜೆ ಎಲ್ಲಿ ಹೇಗೆ ಬೀಳಬೇಕು ಎಂದು ಅವರು ಹೇಳಿಕೊಡುತ್ತಾ ಕೂರುವುದಿಲ್ಲ.

ಮುಂದಿನ ಸಲ ಮನೆಯಲ್ಲಿ ಆಕ್ಟೋಪಸ್‌ನ ನೆಂಟನಾದ ಕಪ್ಪೆ ಬೊಂಡಾಸ್ ಶುಚಿ ಮಾಡುವಾಗ ತಲೆಯನ್ನು ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡಿ. ಎರಡು ದೊಡ್ಡ ಕಣ್ಣುಗಳ ನಡುವೆ ಮೃದ್ವಸ್ಥಿಯ ಒಂದು ಗೂಡು ಇರುತ್ತದೆ. ಮೆದುಳು ಅದರೊಳಗೆ. ಅದರ ಮಧ್ಯದಿಂದ ಹಾದುಹೋಗುವ ತೆಳು ಕೊಳವೆ ಅನ್ನನಾಳ. ಹೌದು, ಮೆದುಳಿನ ನಟ್ಟನಡುವೆ ಊಟದ ದಾರಿ. ಕಣ್ಣಿನ ಹಿಂದೆ ಸಿಗುವ ದೊಡ್ಡ ಬಿಳಿ ಉಂಡೆಗಳು ದೃಷ್ಟಿ ಹಾಲೆಗಳು. ಅನ್ನನಾಳದ ಮೇಲ್ಭಾಗದಲ್ಲಿ, ಎಲ್ಲಕ್ಕಿಂತ ಮೇಲೆ ಕೂತಿರುವ ಸಣ್ಣ ಉಬ್ಬಿಗೆ ಲಂಬ ಹಾಲೆ ಎಂದು ಹೆಸರು. ನಿಮ್ಮ ‘ನಿನ್ನೆ’ಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ.

1950ರ ದಶಕದಲ್ಲಿ ಇಟಲಿಯ ನೇಪಲ್ಸ್ ನಗರದ ಕಡಲ ಸಂಶೋಧನಾಲಯದಲ್ಲಿ ಜೆ.ಝಡ್. ಯಂಗ್ ಮತ್ತು ಬ್ರಯಾನ್ ಬಾಯ್ಕಾಟ್ ಆಕ್ಟೋಪಸ್‌ಗಳಿಗೆ ಪಾಠ ಹೇಳಿದರು. ಏಡಿ ಒಂದೇ ಬಂದರೆ ಹಿಡಿದು ತಿನ್ನಬಹುದು. ಏಡಿಯ ಜೊತೆ ಬಿಳಿ ಚೌಕವೊಂದು ಕಂಡಾಗ ಮೇಲೆ ಬಿದ್ದರೆ ವಿದ್ಯುತ್ತಿನ ಚುರುಕು. ಕೆಲವೇ ಪಾಠಗಳಲ್ಲಿ ಅವು ಚೌಕ ಕಂಡರೆ ಗೂಡಿನಲ್ಲೇ ಕೂರಲು ಕಲಿತವು. ಲಂಬ ಹಾಲೆಯನ್ನು ತೆಗೆದುಹಾಕಿದ ಪ್ರಾಣಿಗಳು ಈಜಾಡಿದವು, ಬೇಟೆಯಾಡಿದವು, ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇದ್ದವು. ಆದರೆ ಆ ಪಾಠ ಮಾತ್ರ ತಲೆಯಲ್ಲಿ ನಿಲ್ಲಲಿಲ್ಲ, ಚುರುಕು ತಿಂದಮೇಲೂ ಮತ್ತೆ ಮತ್ತೆ ಏಡಿಯ ಮೇಲೆ ಬೀಳುತ್ತಿದ್ದವು. ಆ ಹಾಲೆಯಲ್ಲಿ ಸುಮಾರು ಎರಡೂವರೆ ಕೋಟಿ ಬಹಳ ಚಿಕ್ಕ ನರಕೋಶಗಳಿವೆ, ಅಂದರೆ ನಡುವಿನ ಮೆದುಳಿನ ಅರ್ಧಕ್ಕೂ ಹೆಚ್ಚು ಕೋಶಗಳು ಈ ಒಂದು ಉಬ್ಬಿನಲ್ಲಿವೆ. ಪದೇ ಪದೇ ಬಂದ ಸಂಕೇತಕ್ಕೆ ನರಸಂಧಿಗಳು ಬಲವಾಗಿ, ಹಾಗೆಯೇ ಬಲವಾಗಿ ಉಳಿಯುವುದನ್ನು ಹೋಖ್ನರ್ ತಂಡ 2003ರಲ್ಲಿ ಇಲ್ಲಿಯೇ ಕಂಡಿತು. ನಮ್ಮ ಮೆದುಳಿನ ಹಿಪೊಕ್ಯಾಂಪಸ್‌ನಲ್ಲಿ ನೆನಪು ಕೂರುವುದಕ್ಕೂ ಇಂಥ ಬದಲಾವಣೆಯೇ ಆಧಾರ ಎನ್ನುತ್ತಾರೆ. ಅವುಗಳ ಪೂರ್ವಜರೂ ನಮ್ಮ ಪೂರ್ವಜರೂ ಬೇರೆಯಾಗಿ 50 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಆಗ ಇಬ್ಬರಿಗೂ ಮೆದುಳು ಎನ್ನುವಂಥದ್ದು ಇದ್ದಿದ್ದರೂ ನಾಮಕಾವಾಸ್ತೆ. ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ.

ಈಗ ಕಪ್ಪೆ ಬೊಂಡಾಸ್‌ಗೆ ಬರೋಣ. ಕಾಲದ ಲೆಕ್ಕ ಇಡುವುದರಲ್ಲಿ ಆಕ್ಟೋಪಸ್‌ಗಿಂತ ಇದರ ದಾಖಲೆ ಗಟ್ಟಿಯಾಗಿದೆ, ಆದರೂ ಹೆಸರೆಲ್ಲ ಆಕ್ಟೋಪಸ್‌ಗೇ ಹೋಗಿದೆ. ನಮ್ಮ ದಕ್ಕೆಯಲ್ಲಿ ಕಿಲೋ ಲೆಕ್ಕದಲ್ಲಿ ಹರಾಜಾಗುವ ಪ್ರಾಣಿ ಎಂದು ಯಾರೂ ಅದರ ಮುಖ ನೋಡುವುದಿಲ್ಲ.

ಹಳೆಯ ಪ್ರಯೋಗವೊಂದಿದೆ, ಜಾನ್ ಮೆಸೆಂಜರ್ ಅವರದು, 1970ರ ದಶಕದ ಆರಂಭದ್ದು. ಜೀವಂತ ಸಿಗಡಿಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ಕಪ್ಪೆ ಬೊಂಡಾಸ್‌ನ ಮುಂದೆ ಇಡುತ್ತಾರೆ. ಅದು ಸಿಗಡಿಯನ್ನು ಕಂಡೊಡನೆ ಮೈಬಣ್ಣ ಬದಲಿಸಿ ತಿರುಗುತ್ತದೆ, ದೂರವನ್ನು ಅಂದಾಜು ಮಾಡಿ ನಿಲ್ಲುತ್ತದೆ, ಒಳಗೆ ಮಡಚಿಟ್ಟ ಎರಡು ಉದ್ದ ಬಾಹುಗಳನ್ನು ಫಟ್ಟೆಂದು ಚಿಮ್ಮಿಸುತ್ತದೆ. ಬಾಹುಗಳು ಗಾಜಿಗೆ ಬಡಿಯುತ್ತವೆ. ಮತ್ತೆ ಚಿಮ್ಮಿಸುತ್ತದೆ, ಮತ್ತೆ ಗಾಜು. ಕೆಲವು ನಿಮಿಷಗಳಲ್ಲಿ ಹೊಡೆತ ಕಡಿಮೆಯಾಗುತ್ತಾ ಬಂದು ನಿಲ್ಲುತ್ತದೆ. ಸಿಗಡಿ ಅಲ್ಲೇ ಕುಣಿಯುತ್ತಿದ್ದರೂ ಇದು ಸುಮ್ಮನೆ ನೋಡುತ್ತದೆ. ಇಲ್ಲಿಯವರೆಗೆ ದಣಿವು ಎನ್ನಬಹುದು. ಸ್ವಾರಸ್ಯ ಇರುವುದು ಆಮೇಲೆ. ಐದು ನಿಮಿಷ ಬಿಟ್ಟು ಕೊಳವೆಯನ್ನು ಮತ್ತೆ ತೋರಿಸಿದರೆ ಪಾಠ ನೆನಪಿದೆ. 20 ನಿಮಿಷ ಬಿಟ್ಟು ತೋರಿಸಿದರೆ ಮರೆತಂತೆ ಪುನಃ ಹೊಡೆಯುತ್ತದೆ. ಒಂದು ಗಂಟೆ ಬಿಟ್ಟು ತೋರಿಸಿದರೆ ಪಾಠ ಮರಳಿ ಬಂದಿರುತ್ತದೆ! ದಣಿವಾಗಿದ್ದರೆ ಹೀಗೆ ಹೋಗಿ ಬರುತ್ತಿರಲಿಲ್ಲ. ಒಂದು ನೆನಪು ತಾತ್ಕಾಲಿಕ, ಬೇಗ ಆರಿಹೋಗುತ್ತದೆ. ಇನ್ನೊಂದು ನಿಧಾನವಾಗಿ ಕಟ್ಟಿಕೊಂಡು ಬಹಳ ಕಾಲ ಉಳಿಯುತ್ತದೆ. ನಡುವಿನ 20ನೇ ನಿಮಿಷ ಎಂದರೆ ಮೊದಲನೆಯದು ಹೋಗಿ ಎರಡನೆಯದು ಇನ್ನೂ ಸಿದ್ಧವಾಗದ ಸಂಧಿಕಾಲ. ಆಗತಾನೇ ಹುಟ್ಟಿದ ಮರಿಗಳು ಈ ಪಾಠವನ್ನು ಹಿಡಿದಿಟ್ಟುಕೊಳ್ಳಲಾರವು. ವಾರಗಳು ಕಳೆದು ಲಂಬ ಹಾಲೆ ಬೆಳೆದಂತೆ ನೆನಪೂ ಗಟ್ಟಿಯಾಗುತ್ತದೆ.

ಆದರೆ ಇದು ‘ಗಾಜಿಗೆ ಹೊಡೆಯಬಾರದು’ ಎಂಬ ಒಂದು ನಿಯಮದ ನೆನಪು. ನೀವು ಕೇಳಿದ್ದು ಬೇರೆಯದು: ಏನಾಯಿತು, ಎಲ್ಲಾಯಿತು, ಎಷ್ಟು ಹೊತ್ತಿನ ಹಿಂದೆ ಆಯಿತು ಎಂಬ ಮೂರನ್ನೂ ಕೂಡಿಸಿದ ನೆನಪು. 2013ರಲ್ಲಿ ಕ್ರಿಸ್ಟೆಲ್ ಜೋಝೆ-ಆಲ್ವ್ಸ್, ಮರಿಯೊನ್ ಬೆರ್ಟಿನ್ ಮತ್ತು ನಿಕೋಲಾ ಕ್ಲೇಟನ್ ಇದನ್ನೇ ಪರೀಕ್ಷೆಗೆ ಇಟ್ಟರು. ತೊಟ್ಟಿಯಲ್ಲಿ ಎರಡು ಜಾಗ. ಒಂದರಲ್ಲಿ ಏಡಿ, ಇನ್ನೊಂದರಲ್ಲಿ ಸಿಗಡಿ. ಕಪ್ಪೆ ಬೊಂಡಾಸ್‌ಗೆ ಪ್ರಿಯವಾದದ್ದು ಸಿಗಡಿ. ಎರಡನ್ನೂ ತಿಂದ ಒಂದು ಗಂಟೆಯ ಬಳಿಕ ಮತ್ತೆ ಬಿಟ್ಟರೆ ಏಡಿಯ ಜಾಗದಲ್ಲಿ ಮಾತ್ರ ಊಟ ಸಿಗುತ್ತದೆ, ಸಿಗಡಿ ಇನ್ನೂ ಬಂದಿರುವುದಿಲ್ಲ. ಮೂರು ಗಂಟೆ ಕಳೆದರೆ ಎರಡೂ ಸಿಗುತ್ತವೆ. ಯಾವ ಜಾಗ ಯಾವುದಕ್ಕೆ ಎಂಬುದು ದಿನದಿನಕ್ಕೂ ಬದಲಾಗುತ್ತದೆ. ಆದ್ದರಿಂದ ‘ಎಡಗಡೆ ಒಳ್ಳೆಯದು’ ಎಂಬ ಅಭ್ಯಾಸದಿಂದ ಕೆಲಸವಾಗದು. ಇವತ್ತು ಬೆಳಿಗ್ಗೆ ಎಲ್ಲಿ ಏನು ತಿಂದೆ, ಆಗಿನಿಂದ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಲೇಬೇಕು. ಅವು ಹಾಕಿದವು. ಒಂದು ಗಂಟೆಗೆ ಏಡಿಯ ಕಡೆಗೆ, ಮೂರು ಗಂಟೆಗೆ ಸಿಗಡಿಯ ಕಡೆಗೆ.

ಈ ಕೆಲಸಕ್ಕೆ 2021ರಲ್ಲಿ ಬಂದ ಮುಂದುವರಿಕೆ ನನಗೆ ಇನ್ನೂ ಪ್ರಿಯ. ಅಲೆಕ್ಸಾಂಡ್ರಾ ಶ್ನೆಲ್ ಮತ್ತು ಸಂಗಡಿಗರು ಇದೇ ಬಗೆಯ ಪರೀಕ್ಷೆಯನ್ನು 24 ಪ್ರಾಣಿಗಳಿಗೆ ಕೊಟ್ಟರು. ಅರ್ಧ ಪ್ರಾಣಿಗಳ ವಯಸ್ಸು 10ರಿಂದ 12 ತಿಂಗಳು, ಉಳಿದವು 22ರಿಂದ 24 ತಿಂಗಳಿನ ಮುದಿಗಳು. ನಮ್ಮ ಲೆಕ್ಕದಲ್ಲಿ ತೊಂಬತ್ತರ ವಯಸ್ಸು ಅನ್ನಿ. ಮೈಬಲ ಕುಂದಿ, ಹಸಿವು ಇಳಿದು, ಸಾವಿಗೆ ಹತ್ತಿರವಾದ ಪ್ರಾಣಿಗಳು ಅವು. ಆದರೂ ಏನು, ಎಲ್ಲಿ, ಯಾವಾಗ ಎಂಬುದರಲ್ಲಿ ಮುದಿಗಳು ಹರೆಯದವುಗಳಿಗೆ ಸ್ವಲ್ಪವೂ ಕಡಿಮೆ ಬೀಳಲಿಲ್ಲ. ಮನುಷ್ಯರಿಗೆ ವಯಸ್ಸಾದಂತೆ ಮೊದಲು ಕೈಕೊಡುವುದು ಈ ಬಗೆಯ ನೆನಪೇ. ಕಪ್ಪೆ ಬೊಂಡಾಸ್‌ನ ಲಂಬ ಹಾಲೆ ಕೊನೆಯ ಕೆಲವು ದಿನಗಳವರೆಗೂ ಸೊರಗುವುದಿಲ್ಲ. ಯಾಕೆ? ಸಂಶೋಧಕರ ಊಹೆ ಹೀಗಿದೆ: ಇವು ಸಂತಾನಕ್ಕೆ ತೊಡಗುವುದೇ ಬದುಕಿನ ಕೊನೆಯಲ್ಲಿ. ಯಾರೊಂದಿಗೆ, ಎಲ್ಲಿ ಕೂಡಿದೆ ಎಂಬ ನೆನಪು ಆಗಲೇ ಹೆಚ್ಚು ಬೇಕಾಗುವುದು.

ಇದನ್ನು ನಮ್ಮ ಕಡಲಿಗೆ ಹೊಂದಿಸಿ ನೋಡಿ. ಮಂಗಳೂರಿನಿಂದ ಉತ್ತರಕ್ಕೆ ತೆಂಗಿನ ಹೊಂಬಾಳೆಯ ಕಂತೆಗಳಿಗೆ ಭಾರ ಕಟ್ಟಿ ಇಳಿಬಿಟ್ಟು, ಅಲ್ಲಿ ಕೂಡುವ ಕಪ್ಪೆ ಬೊಂಡಾಸ್‌ಗಳನ್ನು ಗಾಳದಲ್ಲಿ ಹಿಡಿಯುವ ಪದ್ಧತಿ ನಿಮಗೆ ಗೊತ್ತಿರಬೇಕು. ಟ್ರಾಲ್ ಬೋಟಿನವರಿಗೂ ಗಾಳದವರಿಗೂ ಇದರ ಮೇಲೆ ಜಗಳವೂ ಆಗಿದೆ. ಆ ಕಂತೆಗೆ ಅವು ಬರುವುದು ನೆರಳಿಗಲ್ಲ, ಮೊಟ್ಟೆ ಅಂಟಿಸಲು. ಹಾಗೆ ಹಿಡಿಯುವುದರಿಂದ ತಾಯಿ ಪ್ರಾಣಿಗಳೇ ಖಾಲಿಯಾಗುತ್ತವೆ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದ ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಮೊಟ್ಟೆಯ ವಿಷಯ ಬಂದಿತೆಂದು ಇನ್ನೊಂದು: ಯುರೋಪಿನ ಜಾತಿಯ ಭ್ರೂಣಗಳಿಗೆ ಮೊಟ್ಟೆಯೊಳಗಿಂದಲೇ ಏಡಿಗಳು ಕಾಣುವಂತೆ ಮಾಡಿದರೆ, ಹುಟ್ಟಿದ ಮರಿಗಳು ಸಿಗಡಿಯ ಬದಲು ಏಡಿಯನ್ನು ಹುಡುಕಿ ಹೋಗುತ್ತವೆ. ಪಾಠ ಹುಟ್ಟುವ ಮೊದಲೇ ಶುರುವಾಗಿರುತ್ತದೆ. ನಮ್ಮವರಿಗೆ ಅಭಿಮನ್ಯುವಿನ ಕತೆ ಗೊತ್ತಿರುವುದರಿಂದ ಹೆಚ್ಚು ಅಚ್ಚರಿಯಾಗಲಿಕ್ಕಿಲ್ಲ.

‘ನಾಳೆ’ಯ ವಿಷಯ ಇಷ್ಟು ಸಲೀಸಲ್ಲ. 2020ರಲ್ಲಿ ಪೋಲಿನ್ ಬಿಲ್ಲಾರ್ ನಡೆಸಿದ ಕೆಲಸದಲ್ಲಿ, ಪ್ರತಿ ರಾತ್ರಿ ಸಿಗಡಿ ತಪ್ಪದೆ ಸಿಗುತ್ತದೆ ಎಂದು ತಿಳಿದ ಕಪ್ಪೆ ಬೊಂಡಾಸ್‌ಗಳು ಹಗಲಿನಲ್ಲಿ ಏಡಿ ತಿನ್ನುವುದನ್ನು ಕಡಿಮೆ ಮಾಡಿದವು. ಸಿಗಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಲ್ಲಿದ್ದವು ಸಿಕ್ಕ ಏಡಿಯನ್ನು ಬಿಡಲಿಲ್ಲ. ಮದುವೆಯೂಟ ಇದೆಯೆಂದು ಬೆಳಗಿನ ತಿಂಡಿ ಬಿಡುವವರು ನಮ್ಮಲ್ಲೂ ಇದ್ದಾರಲ್ಲ! ಶ್ನೆಲ್ ಅವರದೇ ಇನ್ನೊಂದು ಪ್ರಯೋಗದಲ್ಲಿ ಆರು ಪ್ರಾಣಿಗಳ ಮುಂದೆ ಪಾರದರ್ಶಕ ಬಾಗಿಲಿನ ಎರಡು ಕೋಣೆಗಳಿದ್ದವು. ಒಂದರಲ್ಲಿ ಸಾಧಾರಣ ಸಿಗಡಿ ತುಂಡು ಕೂಡಲೇ ಸಿಗುತ್ತದೆ. ಇನ್ನೊಂದರಲ್ಲಿ ಇಷ್ಟದ ಜೀವಂತ ಸಿಗಡಿ, ಆದರೆ ಕಾಯಬೇಕು. ಮೊದಲನೆಯದನ್ನು ತಿಂದರೆ ಎರಡನೆಯದು ಇಲ್ಲ. ಅವು 50ರಿಂದ 130 ಸೆಕೆಂಡುಗಳವರೆಗೆ ಕಾದವು. ಕೆಲವಂತೂ ಮುಂದಿದ್ದ ತುಂಡಿನಿಂದ ಮುಖ ತಿರುಗಿಸಿಕೊಂಡು ನಿಂತವು. ಹೆಚ್ಚು ಕಾಯಬಲ್ಲವೇ ಹೊಸ ಪಾಠವನ್ನೂ ಬೇಗ ಕಲಿತವು. ಇದರಿಂದ ಅವು ‘ನಾಳೆಯನ್ನು ಕಲ್ಪಿಸಿಕೊಳ್ಳುತ್ತವೆ’ ಎಂದು ಬರೆಯುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ನಿತ್ಯದ ಕ್ರಮವನ್ನು ಗುರುತಿಸಿ, ಇನ್ನೂ ಬಾರದ ಊಟಕ್ಕಾಗಿ ಕೈಯಲ್ಲಿರುವುದನ್ನು ಬಿಡುವುದು ಒಂದು. ನಾಳೆಯ ಚಿತ್ರವನ್ನು ಮನಸ್ಸಿನಲ್ಲಿ ಕಾಣುವುದು ಇನ್ನೊಂದು. ಮೊದಲನೆಯದಕ್ಕೆ ಆಧಾರ ಇದೆ.

ಆಕ್ಟೋಪಸ್‌ನ ಖಾತೆಯಲ್ಲೂ ಕೆಲವು ಇವೆ. ಬರ್ಮುಡಾದಲ್ಲಿ ಜೆನಿಫರ್ ಮೇಥರ್ ಗಮನಿಸಿದಂತೆ, ಬೇಟೆಗೆ ಹೋದ ಆಕ್ಟೋಪಸ್ ಹೋದ ದಾರಿಯಲ್ಲೇ ಬರಬೇಕೆಂದಿಲ್ಲ, ಬೇರೆ ದಾರಿಯಿಂದಲೂ ಗೂಡಿಗೆ ಬಂದು ಸೇರುತ್ತದೆ. ಇತ್ತೀಚೆಗೆ ಜಾಲಾಡಿದ ಜಾಗಕ್ಕೆ ಸದ್ಯಕ್ಕೆ ಹೋಗುವುದಿಲ್ಲ. ಸಿಯಾಟಲ್ ಅಕ್ವೇರಿಯಂನಲ್ಲಿ ಒಂದೇ ಸಮವಸ್ತ್ರ ತೊಟ್ಟ ಇಬ್ಬರಲ್ಲಿ ಒಬ್ಬರು ಊಟ ಕೊಟ್ಟರು, ಇನ್ನೊಬ್ಬರು ಬಿರುಸು ಕೋಲಿನಿಂದ ತಿವಿದರು. ಎರಡು ವಾರಗಳಲ್ಲಿ ಆಕ್ಟೋಪಸ್‌ಗಳು ಯಾರು ಯಾರೆಂದು ಗುರುತು ಹಿಡಿದಿದ್ದವು. 1992ರಲ್ಲಿ ನೇಪಲ್ಸ್‌ನ ಗ್ರಾಝಿಯಾನೊ ಫಿಯೊರಿಟೊ ಮತ್ತು ಪಿಯೆತ್ರೊ ಸ್ಕೊಟ್ಟೊ, ಒಂದು ಆಕ್ಟೋಪಸ್ ಕೆಂಪು ಅಥವಾ ಬಿಳಿ ಚೆಂಡನ್ನು ಆರಿಸುವುದನ್ನು ಪಕ್ಕದ ತೊಟ್ಟಿಯಿಂದ ನೋಡಿದ ಇನ್ನೊಂದು ಅದನ್ನೇ ಆರಿಸುತ್ತದೆ ಎಂದು ತೋರಿಸಿದರು. ಅವಕ್ಕೆ ಬಣ್ಣ ಕಾಣುವುದಿಲ್ಲ, ಹೊಳಪಿನ ವ್ಯತ್ಯಾಸದಿಂದ ತಿಳಿದಿರಬೇಕು. ಒಂಟಿಯಾಗಿ ಬದುಕುವ, ಅಪ್ಪ ಅಮ್ಮನ ಮುಖ ಕಾಣದ ಪ್ರಾಣಿಗೆ ಇನ್ನೊಂದನ್ನು ನೋಡಿ ಕಲಿಯುವ ಅವಕಾಶ ಕಡಲಿನಲ್ಲಿ ಎಷ್ಟು ಸಿಕ್ಕೀತು ಎಂಬ ಪ್ರಶ್ನೆ ಉಳಿದೇ ಇದೆ.

ಅಲ್ಪಾಯುಷ್ಯಕ್ಕೆ ಇಷ್ಟು ಬುದ್ಧಿ ಯಾಕೆ ಎಂದು ಕೇಳಿದಿರಿ. ಇವುಗಳ ದೂರದ ನೆಂಟ ನಾಟಿಲಸ್‌ಗೆ ಗಟ್ಟಿ ಚಿಪ್ಪಿದೆ. 20 ವರ್ಷ ಬದುಕುತ್ತದೆ, ಮೆದುಳು ಸಣ್ಣದು, ಲಂಬ ಹಾಲೆ ಇಲ್ಲ. ಆಕ್ಟೋಪಸ್ ಚಿಪ್ಪನ್ನು ಪೂರ್ತಿ ಕಳೆದುಕೊಂಡಿತು. ಕಪ್ಪೆ ಬೊಂಡಾಸ್‌ನಲ್ಲಿ ಅದು ಮೈಯೊಳಗೆ ಸೇರಿ, ಪಣಂಬೂರು, ಸುರತ್ಕಲ್ ತೀರದಲ್ಲಿ ಬಿದ್ದು ಸಿಗುವ ಬಿಳಿ ಸಮುದ್ರಫೇನವಾಯಿತು. ತೇಲುವುದಕ್ಕೆ ಅನುಕೂಲ, ರಕ್ಷಣೆಗೆ ಅಲ್ಲ. ಕವಚವಿಲ್ಲದ ಮೆತ್ತನೆಯ ಮಾಂಸದ ಮುದ್ದೆ ಎಲ್ಲ ಮೀನಿಗೂ ಇಷ್ಟ. ಅಂಥದ್ದು ದಿನ ದೂಡಬೇಕಾದರೆ ಅಡಗುವುದು, ಅಂದಾಜು ಮಾಡುವುದು, ಬೇಗ ಕಲಿಯುವುದು ಬೇಕಾಗುತ್ತದೆ. ಅದೇ ಕಾರಣಕ್ಕೆ ಹೆಚ್ಚು ವರ್ಷ ಬದುಕುವ ಭರವಸೆಯೂ ಇಲ್ಲ. ಹಾಗಿದ್ದಾಗ ಸಂತಾನವನ್ನು ಒಂದೇ ಸಲಕ್ಕೆ ಮುಗಿಸಿಬಿಡುವ ಜೀವಕ್ರಮಕ್ಕೆ ವಿಕಾಸ ಒಲಿಯಿತು. ಬುದ್ಧಿ ಮತ್ತು ಅಲ್ಪಾಯುಷ್ಯ ಎರಡೂ ಒಂದೇ ಕಾರಣದ ಮಕ್ಕಳು ಎಂಬುದು ಈಗ ಹಲವರು ಒಪ್ಪುವ ವಾದ, ನಾನೂ ಒಪ್ಪುತ್ತೇನೆ. ಸಾವು ಸವೆದು ಬರುವುದೂ ಅಲ್ಲ. 1977ರಲ್ಲಿ ಜೆರೋಮ್ ವೊಡಿನ್ಸ್ಕಿ, ಮೊಟ್ಟೆಯಿಟ್ಟು ಉಪವಾಸ ಕೂತ ಹೆಣ್ಣು ಆಕ್ಟೋಪಸ್‌ಗಳ ದೃಷ್ಟಿ ಗ್ರಂಥಿಗಳನ್ನು (ದೃಷ್ಟಿ ಹಾಲೆಗಳ ಬಳಿಯಿದ್ದು ಹಾರ್ಮೋನು ಸುರಿಸುವ ಗ್ರಂಥಿಗಳನ್ನು) ತೆಗೆದರು. ಅವು ಮೊಟ್ಟೆಗಳನ್ನು ಬಿಟ್ಟೆದ್ದು, ತಿನ್ನತೊಡಗಿ, ತಿಂಗಳುಗಟ್ಟಲೆ ಹೆಚ್ಚು ಬದುಕಿದವು.

ಇನ್ನು ತೊಟ್ಟಿ. ಬೇಡ. ಉಸಿರಾಟಕ್ಕೆ ಸದಾ ತಿಳಿಯಾದ ಕಡಲ ನೀರು ಬೇಕು, ಮಲಮೂತ್ರದ ಅಮೋನಿಯ ಸ್ವಲ್ಪ ಹೆಚ್ಚಾದರೂ ತಾಳದು, ತಾಮ್ರದ ಅಂಶವಂತೂ ವಿಷ. ದಿನವೂ ಜೀವಂತ ಏಡಿ ತಂದುಕೊಡಬೇಕು. ಮುಚ್ಚಳ ಎಷ್ಟೇ ಭದ್ರವಾಗಿದ್ದರೂ ಬೆಳಗಾಗುವುದರೊಳಗೆ ಅಡುಗೆಮನೆಯ ಮೂಲೆಯಲ್ಲಿ ಒಣಗಿ ಬಿದ್ದಿರುತ್ತದೆ. ಜೊತೆಗೆ, ಆಕ್ಟೋಪಸ್‌ಗೆ ನೋವು ಆಗುತ್ತದೆ ಎಂಬುದಕ್ಕೆ 2021ರಲ್ಲಿ ರಾಬಿನ್ ಕ್ರೂಕ್ ಒಳ್ಳೆಯ ಆಧಾರ ಕೊಟ್ಟಿದ್ದಾರೆ: ನೋವಾದ ಜಾಗವನ್ನು ಅದು ಕೊಕ್ಕಿನಿಂದ ಸವರಿಕೊಂಡಿತು, ನೋವು ಅನುಭವಿಸಿದ ಕೋಣೆಗೆ ಮತ್ತೆ ಹೋಗಲು ಒಪ್ಪಲಿಲ್ಲ. ಬ್ರಿಟನ್ 2022ರ ಪ್ರಾಣಿ ಕಲ್ಯಾಣ ಕಾಯಿದೆಯಲ್ಲಿ ಇವುಗಳನ್ನು ಸೇರಿಸಿಕೊಂಡಿದೆ.

ನಿಮಗೆ ನಿಜವಾದ ಆಸಕ್ತಿ ಇದ್ದರೆ ಬೋಟಿನಲ್ಲೇ ಒಂದು ಕೆಲಸ ಮಾಡಬಹುದು. 2009ರಲ್ಲಿ ಇಂಡೊನೇಷ್ಯದ ಕಡಲಿನಲ್ಲಿ ಒಂದು ಜಾತಿಯ ಆಕ್ಟೋಪಸ್ ತೆಂಗಿನ ಗೆರಟೆಗಳನ್ನು ಮೈಕೆಳಗೆ ಹೊತ್ತುಕೊಂಡು ನಡೆದು, ಬೇಕಾದಾಗ ಎರಡನ್ನೂ ಮುಚ್ಚಿಕೊಂಡು ಒಳಗೆ ಕೂರುವುದನ್ನು ಸಂಶೋಧಕರು ವರದಿ ಮಾಡಿದರು. ಹೊತ್ತು ನಡೆಯುವಾಗ ಗೆರಟೆಯಿಂದ ತೊಂದರೆಯೇ ಹೊರತು ಲಾಭವಿಲ್ಲ, ಲಾಭ ಆಮೇಲೆ. ಅದೇ ಜಾತಿ ಭಾರತದ ಕಡಲಿನಲ್ಲೂ ಇದೆ. ಮುಂದಿನ ಸಲ ಗಾಯವಾಗದ ಆಕ್ಟೋಪಸ್ ಸಿಕ್ಕಿದರೆ, ಆಗತಾನೇ ಎತ್ತಿದ ಕಡಲ ನೀರನ್ನು ದೊಡ್ಡ ಟಬ್ಬಿನಲ್ಲಿ ತುಂಬಿ, ನೆರಳಿನಲ್ಲಿಟ್ಟು, ಎರಡು ಗೆರಟೆ ಹಾಕಿ ಅದನ್ನು ಬಿಡಿ. ಬರಿಗೈಯಲ್ಲಿ ಹಿಡಿಯಬೇಡಿ, ಕಚ್ಚುತ್ತದೆ, ಜೊಲ್ಲಿನಲ್ಲಿ ವಿಷವಿದೆ. ಒಳಗೆ ಕೂರುತ್ತದೆಯೇ, ಎರಡನೆಯದನ್ನು ಎಳೆದುಕೊಳ್ಳುತ್ತದೆಯೇ, ಟಬ್ಬಿನ ಇನ್ನೊಂದು ಮೂಲೆಗೆ ಸರಿಯುವಾಗ ಗೆರಟೆಯನ್ನೂ ಒಯ್ಯುತ್ತದೆಯೇ ನೋಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ಹತ್ತು ನಿಮಿಷದಲ್ಲಿ ಕಡಲಿಗೆ ಬಿಟ್ಟುಬಿಡಿ. ವಿಡಿಯೊ ಕಳುಹಿಸುವಾಗ ಬಲೆ ಎಳೆದ ದಿನಾಂಕ, ಜಾಗ, ನೀರಿನ ಆಳ ಮೂರನ್ನೂ ಬರೆಯಿರಿ. ಆಳ ಎಷ್ಟೆಂದು ತಂಡೇಲರಿಗೆ ಗೊತ್ತಿರುತ್ತದೆ.